ಕರಿ ಕೋಟು

ಚಿಯಾಂಗ್ ಮಾಯ್ ವಲಸೆ ಕಚೇರಿಯೆದುರು
ಒರಥೈಯ ಜೆರಾಕ್ಸ್ ಅಂಗಡಿ;
ಮೊಳೆಗೆ ಒಂದೇ ಒಂದು ಕರಿ ಕೋಟು.

ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದವರು
ಸೊಂಟದ ಮೇಲಷ್ಟೇ ಸಭ್ಯರಾಗಿ
ಬಿಳಿ ಪರದೆಗೆ ಬೆನ್ನು ಕೊಟ್ಟು ಕೂರುತ್ತಾರೆ.
"ನಗಬೇಡಿ. ಹಲ್ಲು ಕಂಡರೆ ಅರ್ಜಿ ವಾಪಸ್."

ಬೆಳಿಗ್ಗೆಯಿಂದ ಒಬ್ಬ ಪೋಲೆಂಡಿನವ, ಬ್ರೆಜಿಲಿನ ಜೋಡಿ,
ಆಮೇಲೆ, ಕೋಟಿನ ತೋಳು ಮಣಿಕಟ್ಟು ಮುಟ್ಟದ
ಡಚ್ ಹುಡುಗಿ. ಲ್ಯಾಪ್‌ಟಾಪೇ ಅವಳ ಆಫೀಸು.
"ಇಲ್ಲಿ ಏನು ಮಾಡ್ತೀಯ ಅಂತ ಕೇಳಿದರೆ?"
"ಕೆಲಸ ಅನ್ನಬೇಡ ತಾಯಿ,
ಬುದ್ಧನ ಗುಡಿ ನೋಡ್ತೀನಿ ಅನ್ನು."

ಸಂಜೆ ಕಾಲರಿನ ಬೆವರು ಒರೆಸುವವಳು
ಶಾನ್ ಬೆಟ್ಟದಾಚೆಯ ನಾಂಗ್ ಖಮ್.
ಅವಳ ಗುಲಾಬಿ ಕಾರ್ಡಿಗೆ ಜಿಲ್ಲೆಯೇ ಗಡಿ;
ಕೆಲಸ: ಕೂಲಿ ಎಂದು ಅಚ್ಚಾಗಿದೆ.

ಜೇಬಿನಲ್ಲಿ ಇವತ್ತು ಹರಿದ ಬೋರ್ಡಿಂಗ್ ಪಾಸು.
ಊರ ಹೆಸರನ್ನು ಅಕ್ಷರ ಕೂಡಿಸಿ ಓದಿ
ಅಲ್ಲೇ ಇಟ್ಟಳು,
ಕೇಳಿಕೊಂಡು ಬಂದಾರು ಎಂದು.