ಇಳಿಜಾರಿನ ಲೆಕ್ಕ

ಪೋರ್ಟೊದಲ್ಲಿ ಎಲ್ಲರೂ ಇಳಿಯುತ್ತಾರೆ.
ಇಷ್ಟನ್ನು ಹೇಳಲು ನಗರಸಭೆ ನನಗೆ
ಹನ್ನೊಂದು ವಾರದ ಪಗಾರ ಕೊಟ್ಟಿತು,
ಜೊತೆಗೆ ಹಳದಿ ಅಂಗಿ, ಹೆಬ್ಬೆರಳಲ್ಲಿ ಒತ್ತುವ ಎಣಿಕೆಯಂತ್ರ,
ಮಡಚುವ ಕುರ್ಚಿ. ಕುರ್ಚಿಯ ಒಂದು ಕಾಲು ಕುಂಟು.

ಗುಡ್ಡದ ಮೇಲೆ, ನೀಲಿ ಬಿಲ್ಲೆಗಳ ಇಗರ್ಜಿಯ ಪಕ್ಕ,
ಎಂಟು ಗಂಟೆಗೆ ಇಪ್ಪತ್ತೆರಡು ಸೈಕಲ್ಲು.
ಎಂಟೂಕಾಲಿಗೆ ಒಂದು; ಅದಕ್ಕೆ ಚೈನಿಲ್ಲ.
ಕೆಳಗೆ ಹೊಳೆಯ ದಂಡೆಯಲ್ಲಿ ನಿಲ್ಲಿಸಲು ಜಾಗವಿಲ್ಲದೆ
ಟೈ ಕಟ್ಟಿದವರು ಸೈಕಲ್ಲು ತಳ್ಳಿಕೊಂಡು ಸುತ್ತುತ್ತಾರೆ,
ಮದುವೆಮನೆಯಲ್ಲಿ ಹೊಸ ಚಪ್ಪಲಿ ಬಿಡಲು
ಮೂಲೆ ಹುಡುಕುವವರ ಹಾಗೆ.

ಸಂಜೆಗೆ ಯಾರೂ ಹತ್ತಿಸುವುದಿಲ್ಲ.
ಬಸ್ಸಿದೆ. ಮೊಣಕಾಲಿದೆ. ಬೆವರಿದ ಅಂಗಿಗೆ ಹೆಂಡತಿ ಏನಂದಾಳು ಎಂಬುದಿದೆ.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ,
ಇಲ್ಲಿ ಊರಿಗೆ ಊರೇ ಕೋಣ.
ಎತ್ತು ಅಂದರೆ ಅಡೆರಿಟೊನ ಲಾರಿ.
ರಾತ್ರಿ ಹನ್ನೊಂದಕ್ಕೆ ಕೆಮ್ಮುತ್ತ ಬಂದು
ಹದಿನೆಂಟು ಸೈಕಲ್ಲು ನುಂಗಿ
ಹೊಗೆ ಕಾರುತ್ತ ಗುಡ್ಡ ಹತ್ತುತ್ತದೆ,
ಬೆಳಿಗ್ಗೆ ಜನ ಹೊಗೆಯಿಲ್ಲದೆ ಇಳಿಯಲಿ ಎಂದು.

ನನ್ನ ಹಾಳೆಯಲ್ಲಿ "ಇಂಗಾಲದ ಉಳಿತಾಯ" ಎಂಬ ಕಾಲಮ್ಮಿದೆ.
ಅಡೆರಿಟೊನ ಡೀಸೆಲ್ಲನ್ನು ಅದರಿಂದ ಕಳೆಯಲೇ ಎಂದು
ಮೇಲಧಿಕಾರಿ ಲಿಯೊಕಾಡಿಯಾಗೆ ಬರೆದೆ.
"ಈ ಹಂತದಲ್ಲಿ ಬೇಡ" ಎಂದು ಉತ್ತರ ಬಂತು.
ಸೈಕಲ್ಲೊಂದಕ್ಕೆ ದಿನಕ್ಕೆ ನಾಲ್ಕೂವರೆ ಸವಾರಿ
ಎಂಬ ಸರಾಸರಿ ಮಾತ್ರ ಅವರಿಗೆ ಬಹಳ ಹಿಡಿಸಿತು.
ಆ ಅರ್ಧ ಸವಾರಿಯವರು ಎಲ್ಲಿ ಇಳಿದರೋ.

ಭಾನುವಾರಗಳಂದು ಡಾರ್ಸಿಯೊ ಬರುತ್ತಾನೆ, ಒಂಬತ್ತು ವರ್ಷ.
ಹದಿನಾರು ತುಂಬದೆ ಕಾರ್ಡು ಕೊಡುವುದಿಲ್ಲ.
ಬೀಗ ಬಿದ್ದ ಸೈಕಲ್ಲಿನ ಮೇಲೆಯೇ ಕೂತು
ಪೆಡಲನ್ನು ಹಿಂದಕ್ಕೆ ಹಿಂದಕ್ಕೆ ತುಳಿಯುತ್ತಾನೆ.
ಎಲ್ಲಿಗೆ ಬಂದೆಯೋ ಎಂದರೆ
"ತಡಿ, ಸೇತುವೆ ಮೇಲಿದ್ದೇನೆ."
ದೂರ: ಸೊನ್ನೆ. ಅವಧಿ: ಊಟಕ್ಕೆ ಕರೆಯುವವರೆಗೆ.

ಬೆಳಗಿನ ನಾಲ್ಕೂ ಇಪ್ಪತ್ತರ ಪಾಳಿ ಯಾರಿಗೂ ಬೇಡವಾಗಿ ನನಗೆ ಬಂತು.
ಮೊದಲ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ.
ಆಗ ಬರುವವಳು ಝುಲ್ಮಿರಾ, ಕೇಪ್ ವರ್ಡೆಯವಳು,
ಮೂರು ಬ್ಯಾಂಕುಗಳ ನೆಲ ಒರೆಸುವವಳು.
ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಬಾಲ್ದಿ ಇಟ್ಟು
ಬಾಲ್ದಿಯೊಳಗೆ ರೊಟ್ಟಿ, ಬಟ್ಟೆ, ಚಾವಿಗೊಂಚಲು.

ಪ್ರಶ್ನೆ ಏಳು ಓದಿದೆ:
ಈ ಸೈಕಲ್ಲು ಇಲ್ಲದಿದ್ದಾಗ ಹೇಗೆ ಹೋಗುತ್ತಿದ್ದಿರಿ?
ಕಾರು, ಬಸ್ಸು, ಮೆಟ್ರೊ, ನಡಿಗೆ.
"ಹೆದರಿಕೊಂಡು," ಅಂದಳು.
ನಡೆದು ಅಂತ ಬರೆದುಕೊಳ್ಳಲೇ?
"ನಡೆದೇ ಹೋಗುತ್ತಿದ್ದೆ. ನೀವು ಕೇಳಿದ್ದು ಹೇಗೆ ಅಂತ."
ಬ್ರೇಕು ಒತ್ತಿ ನೋಡಿ, ಹೊರಟೇಬಿಟ್ಟಳು.
ಕಲ್ಲುಹಾಸಿನ ಮೇಲೆ ಬಾಲ್ದಿಯ ಸದ್ದು
ಮೂರು ತಿರುವುಗಳವರೆಗೂ ಕೇಳಿಸಿತು.
ನಡಿಗೆ ಎಂಬ ಚೌಕದಲ್ಲಿ ಗೀಟು ಹಾಕಿದೆ.
ಪೆನ್ನು ಸರಿಯಾಗಿ ಮೂಡಲಿಲ್ಲ, ಮತ್ತೆ ತಿದ್ದಿದೆ.

ಒಂಬತ್ತನೆಯ ವಾರ ಅಡೆರಿಟೊನ ಲಾರಿ ಕೆಟ್ಟಿತು.
ಗ್ಯಾರೇಜಿನವನು ಮೂರು ದಿನ ಅಂದ.
ಮಧ್ಯರಾತ್ರಿ ಗುಡ್ಡದ ಮೇಲೆ ಇಪ್ಪತ್ತೆರಡು ಖಾಲಿ ಗೂಟ.

ಎಣಿಸುವವರು ಎಣಿಕೆಗೆ ಕೈ ಹಾಕಬಾರದು.
ಕೈಪಿಡಿಯ ಮೊದಲ ಪುಟದಲ್ಲೇ ಇದೆ, ದಪ್ಪಕ್ಷರದಲ್ಲಿ.
ಹೊಳೆದಂಡೆಗೆ ಹೋಗಿ ಗಾಳಿ ಗಟ್ಟಿಯಿದ್ದ ಒಂದನ್ನು ಆರಿಸಿದೆ,
ನನ್ನ ಕಾರ್ಡು ತೋರಿಸಿದೆ, ಹತ್ತಿದೆ.
ಎರಡನೆಯ ತಿರುವಿನಲ್ಲಿ ಇಳಿದೆ. ತಳ್ಳಿದೆ.
ನಾಲ್ಕನೆಯದರಲ್ಲಿ ವಾಂತಿ ಬಂದಂತಾಗಿ
ಯಾರದೋ ಮೆಟ್ಟಿಲ ಮೇಲೆ ಕೂತೆ; ಒಳಗಿಂದ ನಾಯಿ ಬೈದಿತು.
ಇಗರ್ಜಿಯ ಪಕ್ಕದ ಗೂಟಕ್ಕೆ ಸಿಕ್ಕಿಸಿದಾಗ
ಟಕ್ ಎಂದು ಹಸಿರು ದೀಪ ಹತ್ತಿತು.

ಆ ದಿನದ ಅಂಕಿಗಳಲ್ಲಿ ಅದು ಇಲ್ಲ.
ಕೆಳಗಿನಿಂದ ಮೇಲಕ್ಕೆ, ನಲವತ್ತೊಂದು ನಿಮಿಷ:
ದೋಷವಿರಬೇಕು ಎಂದು ಯಂತ್ರ ತಾನಾಗಿ ಅಳಿಸಿದೆ.
ಅದರ ಕೆಳಗಿನ ಸಾಲು ಮಾತ್ರ ಉಳಿದಿದೆ.
ಮೇಲಿನಿಂದ ಕೆಳಕ್ಕೆ, ನಾಲ್ಕೂ ಇಪ್ಪತ್ತೆರಡು,
ಒಂದು ಸೈಕಲ್ಲು.