ಕೊನೇ ಪುಟದ ಕೊನೇ ಸಾಲು

ಜೈಬುನ್, ಆ ಸಾಲು ಅಳಿಸಬ್ಯಾಡವಾ.
ಜಾಗ ಸಾಲದಿದ್ರ ಸೀರಿ ಅಂಗಡಿ ಜಾಹೀರಾತು ಬೆರಳಷ್ಟು ಕುಗ್ಗಿಸು,
ಶ್ರದ್ಧಾಂಜಲಿ ಸುತ್ತಲಿನ ಹೂವು ತಗಿ,
ಇದನ್ನ ಮಾತ್ರ ಇರಗೊಡು:
‘ಮುದ್ರಕ, ಪ್ರಕಾಶಕ, ಸಂಪಾದಕ: ಮುರಿಗೆಪ್ಪ ನಾಗಾವಿ,
ಹಿಟ್ಟಿನ ಗಿರಣಿ ಮ್ಯಾಲಿನ ಮಾಳಿಗಿ, ಮುಳಗುಂದ ನಾಕಾ, ಗದಗ.’

ಓದುಗರು ಯಾರೂ ಅದನ್ನ ಓದೂದಿಲ್ಲ.
ಕಾಯ್ದೆ ಓದ್ತೈತಿ.
ಪೋಸ್ಟಮನ್ ಓದ್ತಾನ.

ಹೋದ ವರ್ಷ ನಾವು ಬರದಿದ್ದು ಇಷ್ಟ:
ಹದಿನಾರು ಹಳ್ಳಿಯ ಶುದ್ಧ ನೀರಿನ ಘಟಕ
ಲೆಕ್ಕದ ಬುಕ್ಕಿನ್ಯಾಗ ಹರೀತಾವ,
ನಲ್ಲಿಯೊಳಗ ಜ್ಯಾಡ ಬಲಿ ಕಟ್ಟೈತಿ.
ಬಿಲ್ಲಿನ ನಕಲು ಇತ್ತು. ಫೋಟೋ ಇತ್ತು:
ಹಳದಿ ಗೆರಿ ಬಿದ್ದ ಹಲ್ಲಿನ ಹುಡುಗೂರು
ಬೀಗದ ಮುಂದ ಕೊಡ ಹಿಡಕೊಂಡು ನಗತಿದ್ರು.

ಗುತ್ತಿಗೆದಾರರ ಮಾನ ಹೋತು.
ಒಂದ ಮಾನ, ಐದು ಊರಾಗ ಹೋಗೈತಂತ:
ಗದಗ, ರೋಣ, ನರಗುಂದ, ಮುಂಡರಗಿ, ಲಕ್ಷ್ಮೇಶ್ವರ.
ಐದು ಕೋರ್ಟು, ಐದು ವಕೀಲರು,
ಮುರಿಗೆಪ್ಪ ಮಾತ್ರ ಒಬ್ಬ.
ಸೋಮವಾರ ರೋಣದ ಬಸ್ಸು, ಬುಧವಾರ ನರಗುಂದ;
‘ಸಾಹೇಬ್ರು ರಜಾ’ ಅಂದ್ರ ಹೊಸಾ ತಾರೀಖು ಬರಕೊಂಡು ವಾಪಸು.
ರಾತ್ರಿ ಟೇಬಲ್ ಮ್ಯಾಲೆ ಟಿಕೆಟ್ ಹರವಿ ಕೂಡಿಸ್ತಿದ್ದ.
ಆ ಮೊತ್ತ ಕಾಗದದ ರೊಕ್ಕ ದಾಟಿದ ವಾರ
ಎಂಟು ಪುಟ ನಾಕಾತು.
‘ಕೇಸು ಗೆಲ್ಲೂದು ಅವರಿಗೆ ಬೇಕಾಗಿಲ್ಲ ಮಾಸ್ತರ,
ನಡಸೂದು ಬೇಕಾಗೈತಿ’ ಅಂದ.

ನಾ ಪ್ರೂಫ್ ತಿದ್ದಾಂವ, ಮೂವತ್ತೊಂದು ವರ್ಷಾತು.
ಶಬ್ದ ಕೈಗೆ ಸಿಕ್ರ ಬಿಡಾಕ ಬರೂದಿಲ್ಲ.
ಉಷ್ಣಮಾನ ಅಳಿಯಾಕ ಗಾಜಿನ ಕೊಳವಿ ಐತಿ,
ವರಮಾನಕ್ಕ ತೆರಿಗಿಯವರು ಅದಾರ,
ಬರೇ ಮಾನಕ್ಕ ಅಳತಿ ಯಾರು ಮಾಡಿದ್ರು?
ನೋಟೀಸಿನ್ಯಾಗ ಅಕ್ಷರದಾಗ ಇತ್ತು: ಎರಡು ಕೋಟಿ.
ಅಂಕಿಯೊಳಗ ಒಂದು ಸೊನ್ನಿ ಕಡಿಮಿ ಬಿದ್ದಿತ್ತು.
ಕೆಂಪು ಪೆನ್ನು ತಗದು ತಿದ್ದಿಬಿಟ್ಟೆ.
ಚಟ, ಏನ್ ಮಾಡ್ಲಿ.

ಅದ ವಾರ ಮೊಬೈಲಿನ್ಯಾಗ ಒಂದು ಸುದ್ದಿ ಹೊಂಟಿತು:
‘ನಾಗಾವಿ ಐದು ಲಕ್ಷ ತಿಂದಾನ.’
ಕೆಳಗ ಅವನ ಫೋಟೋ, ಹಿಂದ ಹೊಸಾ ಕಾರು.
ಬೀಗರ ಮದುವ್ಯಾಗ ನಿಂತಿದ್ದ ಯಾರದೋ ಕಾರದು.
ಬೆಟಗೇರಿಯೊಳಗ ಮುಂಜಾನೆ ಎದ್ದಿದ್ದು
ಮಧ್ಯಾಹ್ನಕ್ಕ ಹುಲಕೋಟಿ ಮುಟ್ಟಿತ್ತು.
ಗಿರಮಿಟ್ ಅಂಗಡಿಗೆ ಮುರಿಗೆಪ್ಪ ಹೋಗೂದ್ರಾಗ
ಆಗಲೇ ಬಂದು ಅವನ ಬೆಂಚಿನ್ಯಾಗ ಕುಂತಿತ್ತು.
ಠಾಣೆಗೆ ಹೋದ್ವಿ. ಹವಾಲ್ದಾರ ಪೆನ್ನಿನ ಟೊಪ್ಪಿಗಿ ತಗದು
ಮರ್ಯಾದಿಲೇ ಕೇಳಿದ: ‘ಯಾರ ಮ್ಯಾಲೆ ಬರಕೊಳ್ಳೂಣ್ರಿ?’
ಮೊಬೈಲ್ ಮ್ಯಾಲಕ್ಕ ಸರಿಸಿದ್ವಿ, ಕೆಳಕ್ಕ ಸರಿಸಿದ್ವಿ.
ಬೆರಳು ಎಷ್ಟು ಎಳದ್ರೂ
ಅದಕ್ಕ ಕೊನೇ ಸಾಲು ಸಿಗಲಿಲ್ಲ.

ಮೂರನೇ ಪುಟದ ‘ಲೋಕವಾರ್ತೆ’ನೂ ನಾನ ತಿದ್ದೂದು.
ಎಲ್ಲೋ ಒಬ್ಬಾಕಿ ಸಂಪಾದಕಿ ಜೇಲಿಗೆ,
ಎಲ್ಲೋ ಛಾಪಖಾನಿಗೆ ಅರಗಿನ ಮೊಹರು.
ಹೋದ ವಾರ ಆ ದೇಶದ ಹೆಸರಿನ ಒತ್ತಕ್ಷರ ತಪ್ಪಿತ್ತು,
ತಿದ್ದಿದೆ, ಚಾ ಕುಡದೆ.
ಏನಿತ್ತು ಅಂತ ನೆನಪಾಗಿದ್ದು ರಾತ್ರಿ, ಹಾಸಿಗಿ ಮ್ಯಾಲೆ.
ಆಕೀದೂ ಒಂದು ವಿಳಾಸ ಇದ್ದಿರಬೇಕು,
ಕೊನೇ ಪುಟದಾಗ, ಸಣ್ಣ ಅಕ್ಷರದಾಗ.

ನಾವು ತಪ್ಪ ಮಾಡಿಲ್ಲ ಅಂತಲ್ಲ.
ಒಮ್ಮೆ, ಇನ್ನೂ ಜೀವಂತ ಇದ್ದ ಅಸುಂಡಿ ಫಕ್ಕೀರಪ್ಪನ
ಶ್ರದ್ಧಾಂಜಲಿ ಛಾಪಿಸಿದ್ವಿ.
ತನ್ನ ಫೋಟೋ ಕತ್ತರಿಸ್ಕೊಂಡು ಈ ಮಾಳಿಗಿ ಹತ್ತಿ ಬಂದು
ಒಂದು ತಾಸು ಬೈದ. ನೀರು ಕುಡದು ಮತ್ತ ಬೈದ.
ಮುಂದಿನ ವಾರ ಮೊದಲನೇ ಪುಟದಾಗ
ಅವನ್ನ ಬದುಕಿಸಿದ್ವಿ.
ಬೈಯಾಕ ಅವನಿಗೊಂದು ಮೆಟ್ಟಲಾದರೂ ಇತ್ತು.

ಈಗ ನೀ ಕೇಳ್ತಿ,
‘ಆ ಸಾಲು ಇಲ್ಲದಿದ್ರ ಯಾರೂ ಬರೂದ ಇಲ್ಲಲ್ಲ ಮಾಸ್ತರ?’
ಹೌದವಾ.
ಯಾರೂ ಬರೂದಿಲ್ಲ.

ಕೆಳಗ ಗಿರಣಿ ನಿಂತೈತಿ, ಕರೆಂಟ್ ಹೋಗೂದ್ರಾಗ ಮುಗಸು.
ಇಲ್ಲಿ ನೋಡು, ನಾಗಾವ ಆಗೈತಿ,
ಗುಡಿಸು ಬಿಟ್ಟಿ. ಹಚ್ಚು.
ನಾಳೆ ಟಪಾಲು ಬಂದ್ರ
ದಾರಿ ತಪ್ಪಬಾರದು.