ಎರಡು ಅಂಕ

ರಾಜಾಸೀಟಿನಲ್ಲಿ ಫಲಪುಷ್ಪ ಪ್ರದರ್ಶನ.
ನನ್ನ ಕುಂಡಕ್ಕೆ ನಲವತ್ತೇಳನೇ ನಂಬರಿನ ಚೀಟಿ.
ಆಂಥೂರಿಯಂ. ಒಂಬತ್ತು ಹೂ. ಎಲೆಗಳಿಗೆಲ್ಲ
ಹಾಲಿನಲ್ಲದ್ದಿದ ಬಟ್ಟೆಯಿಂದ ಬೆಳಿಗ್ಗೆ ಒರೆಸಿ ತಂದ ಹೊಳಪು.

ಇಲಾಖೆಯ ಮೇಡಂ ಬಾಗಿದರು, ಕನ್ನಡಕ ಏರಿಸಿದರು,
ಪೆನ್ನಿನ ತುದಿಯಲ್ಲಿ ಬುಡದ ತೆಂಗಿನ ನಾರು ಸರಿಸಿ
‘ಇದೇನ್ರೀ?’ ಅಂದರು.

ಹಳದಿ. ಐದೇ ಎಸಳು. ಅಂಗಿಯ ಗುಂಡಿಗಿಂತ ಚಿಕ್ಕದು.
‘ಹುಳಿಸೊಪ್ಪು, ಮೇಡಂ. ಘಟ್ಟದ ಕೆಳಗಿನವರು
ಪುಲ್ಲಂಪುರಚಿ ಅಂತಾರೆ.’
‘ಕಳೆ’ ಎಂದು ಬರೆದುಕೊಂಡರು.
ಎರಡು ಅಂಕ ಹೋಯಿತು.

ಹೋಗಲಿ. ನಾನು ನೆಟ್ಟದ್ದಲ್ಲ, ಸಾಕಿದ್ದೂ ಅಲ್ಲ.
ಆ ಆಗಸ್ಟಿನಲ್ಲಿ ಗುಡ್ಡ ಇಳಿದು ಬಂದು
ಅಡುಗೆಮನೆ, ಬಚ್ಚಲು, ಹಟ್ಟಿ ಒಟ್ಟಿಗೇ ಹೊಳೆಗೆ ಹೋದಮೇಲೆ
ಹನ್ನೆರಡನೇ ದಿನ ಪೊಲೀಸರ ಹಗ್ಗ ದಾಟಿ
ಬಾಗಮ್ಮತ್ತೆ, ನಾನು ಕೆಸರಿನಿಂದ ಎಳೆದದ್ದು ಇಷ್ಟು:
ಕಡುಬಿನ ಒಂದು ತಟ್ಟೆ,
ಹೊಲಿಗೆ ಮಿಷನ್ನಿನ ಚಕ್ರ,
ಈ ಗಿಡದ ಬೇರು, ಅದಕ್ಕಂಟಿದ ಹಿಡಿ ಮಣ್ಣು.
ನಮ್ಮ ಅಂಗಳದ್ದೋ ಮೇಲಿನ ಮನೆಯವರ ತೋಟದ್ದೋ,
ಎಲ್ಲ ಒಂದೇ ಕೆಂಪಾಗಿತ್ತು.

ಅಂಗಳವಿದ್ದಾಗ ಇದರ ಮೇಲೆ ನನಗೆ ದಿನಾ ಸಿಟ್ಟು.
ಕಿತ್ತಷ್ಟೂ ಬರುತ್ತಿತ್ತು. ಕೀಳುವ ಬೆರಳು ತಾಗಿದರೆ ಸಾಕು,
ಚಟ್ಟೆಂದು ಕಾಯಿ ಸಿಡಿದು ಬೀಜ ಮಾರು ದೂರ.
ಕಿತ್ತವಳೇ ಬಿತ್ತಿದವಳು ಎಂದು ಅತ್ತೆಗೆ ನಗು.
ಅವರೋ ಮುಷ್ಟಿ ತುಂಬ ಒಯ್ದು
ಬೂದಿಯೊಂದಿಗೆ ಕಂಚಿನ ದೀಪ ತಿಕ್ಕುತ್ತಿದ್ದರು.
ಆ ದೀಪ ಸಿಕ್ಕಲಿಲ್ಲ.

ಈಗ ಜಂಬೂರಿನ ಹೊಸ ಕಾಲೋನಿ.
ಎಲ್ಲರ ಮನೆಗೂ ಒಂದೇ ಅಳತೆ, ಒಂದೇ ಬಣ್ಣ,
ಬಾಗಿಲವರೆಗೂ ಸಿಮೆಂಟು.
ಆಂಥೂರಿಯಮ್ಮಿಗೆಂದು ಹೊಯ್ದ ನೀರನ್ನೇ
ಇಷ್ಟು ವರ್ಷ ಕದ್ದು ಕುಡಿದಿರಬೇಕು ಇದು.

ಬಹುಮಾನ ಯಾರಿಗೋ ಆಯಿತು.
ಕುಂಡ ಮಡಿಲಲ್ಲಿಟ್ಟು ಸಂಜೆಯ ಮಾದಾಪುರದ ಬಸ್ಸು ಹತ್ತಿದೆ.
ಬಿಸಿಲಿಳಿದಂತೆ ಮೂರೆಲೆಯೂ ಬೆನ್ನಿಗೆ ಬೆನ್ನಾನಿಸಿ
ಕೊಡೆಯ ಹಾಗೆ ಮಡಚಿಕೊಂಡವು.
ಮಕ್ಕಂದೂರು ದಾಟುವಾಗ
ಕಿಟಕಿಯಾಚೆ ನೋಡಬಾರದೆಂದು
ಒಂದೆಲೆ ಚಿವುಟಿ ಬಾಯಿಗಿಟ್ಟೆ.

ಹುಳಿ. ಕಣ್ಣು ಕಿರಿದಾಗಿ ನೀರಾಡಿತು.
‘ಏನಾಯಿತಕ್ಕ?’ ಪಕ್ಕದ ಸೀಟಿನವಳು.
‘ಹುಳಿಗೆ’ ಅಂದೆ.
ಚಿವುಟಿದ ರಭಸಕ್ಕೆ ಕಾಯಿಯೊಂದು ಸಿಡಿದಿತ್ತು.
ಬೀಜ ಸೀಟಿನಡಿ ಬಿತ್ತೋ, ಅವಳ ಸೀರೆಯ ನೆರಿಗೆಗೋ.

ಹೇಳೋಣವೆಂದುಕೊಂಡೆ.
ಅಷ್ಟರಲ್ಲಿ ಹಟ್ಟಿಹೊಳೆ ಬಂತು,
ಸೆರಗು ಕೊಡವದೆ
ಅವಳು ಇಳಿದು ಹೋದಳು.